ಹತ್ತೊಂಬತ್ತು ತಪ್ಪಿನ ಲಾರಿ

ಸ್ಟೀರಿಂಗಿನ ಹಿಂದೆ ಶರ್ಟಿನ ಗುಂಡಿಯಷ್ಟಿದ್ದ ಒಂದು ಹಳದಿ ದೀಪ ಹತ್ತಿಕೊಂಡದ್ದರಿಂದ, ಹದಿನಾಲ್ಕು ಚಕ್ರದ ಲಾರಿಯೊಂದು ಬೆಳಿಗ್ಗೆ ಎಂಟಕ್ಕೆ ತೆವಳುತ್ತ ಗ್ಯಾರೇಜಿನ ಬಾಗಿಲಿಗೆ ಬಂತು.

"ಎಷ್ಟು ತುಳಿದ್ರೂ ಎಳೀತಿಲ್ಲ," ಎಂದು ಡ್ರೈವರ್ ಕೆಳಗಿಳಿದ. "ಏರು ಹತ್ತೋವಾಗ ಒಬ್ಬ ಸೈಕಲ್‌ನವನು ಪಕ್ಕಕ್ಕೇ ಬಂದು, ಏನಣ್ಣ ಹುಷಾರಿಲ್ವಾ ಅಂತ ವಿಚಾರಿಸ್ಕೊಂಡು ಮುಂದೆ ಹೋದ."

ಪಟ್ಟಿಯ ಮುಖ ಅರಳಿತು. ಬಿಚ್ಚಿದ ನಟ್ಟಿನಿಂದ ಹಿಡಿದು ಮನೆಗೆ ಒಯ್ಯಬೇಕಾದ ಸೋಪಿನವರೆಗೆ ಎಲ್ಲವನ್ನೂ ಬರೆದಿಡುತ್ತಿದ್ದ ಆ ಮೆಕ್ಯಾನಿಕ್‌ನನ್ನು ಇಡೀ ಗ್ಯಾರೇಜು ಪಟ್ಟಿ ಎಂದೇ ಕರೆಯುತ್ತಿತ್ತು. ಅವನು ಕಾಯುತ್ತಿದ್ದುದೇ ಇಂಥದೊಂದು ಲಾರಿಗೆ. ಎಂಜಿನ್ನಿಗೆ ತಂತಿ ಸಿಕ್ಕಿಸಿದರೆ ಎಲ್ಲಿ ತಪ್ಪಿದೆ ಎಂದು ಸಂಖ್ಯೆಗಳಲ್ಲಿ ಹೇಳುವ ಸ್ಕ್ಯಾನರ್ ಒಂದು ವಾರದ ಪರೀಕ್ಷೆಗೆಂದು ಬಂದಿತ್ತು. ಆರು ದಿನವೂ ಬಂದವು ಹಳೇ ಕಾಲದ ಗಾಡಿಗಳು. ತಂತಿ ಸಿಕ್ಕಿಸಲು ಅವುಗಳಲ್ಲಿ ಜಾಗವೇ ಇರಲಿಲ್ಲ. ಇವತ್ತು ಕೊನೆಯ ದಿನ.

"ಐದು ಗಂಟೆಗೆ ಸ್ಕ್ಯಾನರ್ ಮಾರೋನು ಬರ್ತಾನೆ," ಎಂದರು ಗ್ಯಾರೇಜಿನ ಒಡತಿ, ಎಲ್ಲರ ಬಾಯಲ್ಲಿ ಅಮ್ಮ. "ಅಷ್ಟರೊಳಗೆ ಇದರಿಂದ ಲಾರಿ ಸರಿಹೋದ್ರೆ ಇಟ್ಕೊಳ್ಳೋಣ, ನೀನೇ ನೋಡ್ಕೋ. ಇಲ್ಲಾಂದ್ರೆ ಕಳಿಸಿಬಿಡ್ತೀನಿ. ಆಮೇಲೆ ನನ್ನ ತಲೆ ತಿನ್ನಬಾರದು."

ಪಟ್ಟಿ ತಂತಿ ಸಿಕ್ಕಿಸಿದ. ಎಂಜಿನ್ ಇದುವರೆಗೆ ಎಂಟು ಸಾವಿರದ ಐನೂರ ತೊಂಬತ್ತು ಗಂಟೆ ಓಡಿದೆ ಎಂದು ಗಾಡಿಯ ಮೀಟರಿನಿಂದ ತನ್ನ ಪುಸ್ತಕಕ್ಕೆ ಬರೆದುಕೊಂಡ. ಸ್ಕ್ಯಾನರ್ ಮಾತ್ರ ನಿದ್ದೆಗಣ್ಣಿನ ಅಳಿಯನ ಹಾಗೆ ಮೊದಲ ಸಲ ಏಳಲು ಇಪ್ಪತ್ತು ನಿಮಿಷ ಬೇಕು ಎಂದಿತು.

ಆ ಇಪ್ಪತ್ತು ನಿಮಿಷವೇ ಮುಳುವಾಯಿತು. ಹೆಡ್ ಮೇಸ್ತ್ರಿ ಬಂದರು. ಅವರು ಪಟ್ಟಿಗೆ ಹೆಣ್ಣು ಕೊಟ್ಟ ಮಾವ. ಉದ್ದದ ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ಊರಿ, ಹಿಡಿಗೆ ಕಿವಿಯಿಟ್ಟು ರೋಗ ಹೇಳುವುದರಲ್ಲಿ ಮೂವತ್ತು ವರ್ಷದ ಹೆಸರು ಅವರದು.

"ಅದು ಎದ್ದು ಮುಖ ತೊಳ್ಕೊಳ್ಳಲಿ ಅಳಿಯಂದ್ರೇ. ಅಷ್ಟರಲ್ಲಿ ನಾನು ಹೇಳಿಬಿಡ್ತೀನಿ," ಎಂದು ಓಡುತ್ತಿದ್ದ ಎಂಜಿನ್ನಿನ ಆರು ಸಿಲಿಂಡರುಗಳ ತಂತಿಯ ಪ್ಲಗ್ಗನ್ನೂ ಒಂದೊಂದಾಗಿ ಕಿತ್ತು, ಕೇಳಿ, ತಲೆಯಾಡಿಸಿ, ಮತ್ತೆ ಸಿಕ್ಕಿಸಿದರು.

ಸ್ಕ್ಯಾನರ್ ಎಚ್ಚರಗೊಂಡು, ಏಳು ತಪ್ಪುಗಳಿವೆ ಎಂದಿತು.

"ಏಳಾ?" ಡ್ರೈವರ್ ಹೌಹಾರಿದ. "ನಂಗೆ ಹತ್ತಿದ್ದು ಒಂದೇ ದೀಪ ಕಣಣ್ಣ."

ಪಟ್ಟಿ ಕೈಪಿಡಿಯ ಮೊದಲ ಪುಟದಿಂದ, ಮೊದಲ ತಪ್ಪಿನಿಂದ ಶುರುಮಾಡಿದ. ಅದು ಸುಳ್ಳೆಂದು ತಿಳಿಯಲು ಒಂದು ಗಂಟೆ ಹಿಡಿಯಿತು. ಕರೆಂಟು ಎಂದು ಕರೆಸಿಕೊಳ್ಳುವ ಎಲೆಕ್ಟ್ರಿಷಿಯನ್‌ಗೆ ಅಷ್ಟು ಹೊತ್ತು ನೋಡಿಕೊಂಡಿರಲಾಗಲಿಲ್ಲ.

"ನೀನು ಮೇಲಿಂದ ಬಾ, ನಾನು ಕೆಳಗಿಂದ ಬರ್ತೀನಿ. ನಡುವೆ ಸಿಗೋಣ," ಎಂದು ಕರೆಂಟು ಓಡುತ್ತಲೇ ಇದ್ದ ಎಂಜಿನ್ನಿನ ಕೆಳಗೆ ನುಸುಳಿದ. ಒಂದೊಂದು ಪ್ಲಗ್ಗನ್ನೂ ಕಿತ್ತು, ಕನ್ನಡಕದ ಗಾಜಿಗೆ ಊದುವಂತೆ ಊದಿ, ಅಂಗಿಯ ತುದಿಯಿಂದ ಒರೆಸಿ ಸಿಕ್ಕಿಸಿದ. ಮಧ್ಯಾಹ್ನದ ಹೊತ್ತಿಗೆ ತಪ್ಪುಗಳು ಹದಿನಾಲ್ಕಾದವು. ಪಕ್ಕದ ಅಂಗಡಿಯ ಪಂಕ್ಚರ್‌ನವನು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದು, ತನ್ನ ಬೀಗನ ಲಾರಿಗೂ ಹೀಗೇ ಆಗಿತ್ತು ಎಂದು ಮತ್ತೂ ನಾಲ್ಕೈದು ಕಡೆ ಕೈಯಾಡಿಸಿದ. ಮೂರೂವರೆಗೆ ತಪ್ಪುಗಳು ಹತ್ತೊಂಬತ್ತಾದವು.

"ಅಳಿಯಂದ್ರೇ," ಎಂದರು ಮೇಸ್ತ್ರಿ, "ನಿಮ್ಮ ಪೆಟ್ಟಿಗೆ ರೋಗ ಹುಡುಕ್ತಿದೆಯೋ, ಹೆರ್ತಿದೆಯೋ?"

ಆಫೀಸಿನ ಗಾಜಿನ ಆಚೆ ಅಮ್ಮ ಗಡಿಯಾರ ನೋಡಿಕೊಂಡದ್ದು ಪಟ್ಟಿಗೆ ಕಂಡಿತು.

ನಾಲ್ಕಕ್ಕೆ ಎಲ್ಲರೂ ಟೀಗೆ ಹೋದರು. ಆ ದಿನ ಮೊದಲ ಬಾರಿ ಯಾರ ಸಲಹೆಯೂ ಇಲ್ಲದೆ ಪಟ್ಟಿ ಒಬ್ಬನೇ ಕ್ಯಾಬಿನ್ನಿನಲ್ಲಿ ಕುಳಿತು ಪರದೆಯ ಎರಡನೇ ಪುಟ ತೆರೆದ. ಪ್ರತಿ ತಪ್ಪಿನ ಮುಂದೆಯೂ ಒಂದು ಸಂಖ್ಯೆಯಿತ್ತು: ಎಂಜಿನ್ನಿನ ಎಷ್ಟನೇ ಗಂಟೆಯಲ್ಲಿ ಅದು ಹುಟ್ಟಿತು ಎಂದು. ಹದಿನೆಂಟು ತಪ್ಪುಗಳು ಎಂಟು ಸಾವಿರದ ಐನೂರ ತೊಂಬತ್ತರ ಆಚೆ ಹುಟ್ಟಿದವು, ಎಂದರೆ ಇವತ್ತು, ಇದೇ ಅಂಗಳದಲ್ಲಿ. ಓಡುವ ಎಂಜಿನ್ನಿನಿಂದ ಪ್ಲಗ್ ಕಿತ್ತರೆ ಅದಕ್ಕೇ ಒಂದು ತಪ್ಪು ದಾಖಲಾಗುತ್ತದೆ. ಆರು ಮಾವನವು, ಏಳು ಕರೆಂಟಿನವು, ಉಳಿದವು ಪಂಕ್ಚರಿನವು. ಒಂದೇ ಒಂದರ ಮುಂದೆ ಚಿಕ್ಕ ಸಂಖ್ಯೆ.

ಅದು ಡೀಸಲ್ ಒತ್ತಡ ಅಳೆಯುವ ಸೆನ್ಸರಿನದು. ಪಟ್ಟಿ ಕೆಳಗಿಳಿದು ಫಿಲ್ಟರಿನ ಹಿಂದೆ ಕೈ ತೂರಿಸಿದ. ಅದರ ಪ್ಲಗ್ ಅರೆಬರೆ ಕೂತು, ದಾರಿಯಲ್ಲಿ ಅದುರಿ ಅದುರಿ ಇನ್ನಷ್ಟು ಸಡಿಲವಾಗಿತ್ತು. ಒತ್ತಿದ. ಟಕ್ ಎಂದಿತು.

ಡ್ರೈವರ್ ಲಾರಿಯನ್ನು ಗ್ಯಾರೇಜಿನ ಹಿಂದಿನ ಏರಿಗೆ ಹತ್ತಿಸಿ ತಂದ. "ಸೈಕಲ್‌ನವನು ಈಗ ಸಿಗಬೇಕಿತ್ತು," ಎಂದು ನಕ್ಕ.

ಐದಕ್ಕೆ ಕಾಲು ಗಂಟೆಯಿತ್ತು. ಪಟ್ಟಿ ಅಮ್ಮನೆದುರು ಸ್ಕ್ಯಾನರ್ ಹಿಡಿದು, ಮದುಮಗಳ ಗುಣ ಹೇಳುವ ಬಂಧುವಿನಂತೆ ವಿವರಿಸಿದ. "ಯಾವ ತಪ್ಪು ಯಾವಾಗ ಹುಟ್ತು ಅಂತ ಬರೆದಿಡುತ್ತಮ್ಮ. ಇದರ ಮುಂದೆ ಯಾರೂ ತಪ್ಪಿಸ್ಕೊಳ್ಳೋಕಾಗಲ್ಲ."

ಮೇಸ್ತ್ರಿ, ಕರೆಂಟು ಇಬ್ಬರಿಗೂ ಒಮ್ಮೆಲೇ ಛಾವಣಿಯಲ್ಲಿ ಏನೋ ಕಂಡಿತು.

"ಸರಿ," ಎಂದರು ಅಮ್ಮ. "ನಿಜವಾದ ತಪ್ಪು ಯಾವಾಗ ಹುಟ್ಟಿದ್ದು?"

"ಎಂಟು ಸಾವಿರದ ನಾನೂರ ಹನ್ನೆರಡನೇ ಗಂಟೆ."

ಡ್ರೈವರ್ ತನ್ನ ಸರ್ವಿಸ್ ಪುಸ್ತಕ ತಿರುವಿದ. "ಆಗ ಗಾಡಿ ರೋಡಲ್ಲೇ ಇರಲಿಲ್ಲವಲ್ಲ. ಹೋದ ತಿಂಗಳು ಇಲ್ಲೇ ಫಿಲ್ಟರ್ ಬದಲಾಯಿಸಿದ್ದು. ನಿಮ್ಮ ಗ್ಯಾರೇಜಿನ ಸೀಲೇ ಇದೆ ನೋಡಿ."

"ಮಾಡಿದ್ದು ಯಾರು?"

ಸಹಿ ಪಟ್ಟಿಯ ಕಡೆಗೇ ತಿರುಗಿತ್ತು, ಕನ್ನಡಿಯ ಹಾಗೆ. ಗುಂಡುಗುಂಡಾದ, ಅಚ್ಚುಕಟ್ಟಾದ ಅವನದೇ ಅಕ್ಷರ. ಸ್ಕ್ಯಾನರಿನ ಮೇಲೆ ಅವನ ಹೆಬ್ಬೆರಳ ಕೆಳಗೇ ಒಂದು ಕೆಂಪು ಗುಂಡಿಯಿತ್ತು. ಒತ್ತಿದರೆ ಹತ್ತೊಂಬತ್ತೂ ಹೋಗುತ್ತಿದ್ದವು. ಆಮೇಲೆ ಸಂಖ್ಯೆ ತಪ್ಪಿ ಓದಿದೆ ಎಂದರೆ ಆಯಿತು. ಪಟ್ಟಿ ಹೆಬ್ಬೆರಳನ್ನು ಗುಂಡಿಯಿಂದ ಪಕ್ಕಕ್ಕೆ ಸರಿಸಿದ.

"ನಾನೇ ಅಮ್ಮ," ಎಂದ.

ಅಮ್ಮ ಗುಂಡಿಯನ್ನು ನೋಡಿದರು. "ಅದು ಅಳಿಸೋದಾ?"

"ಹೌದು."

"ಯಾಕೆ ಒತ್ತಲಿಲ್ಲ?"

"ಬರೆದದ್ದನ್ನ ಅಳಿಸಿ ಅಭ್ಯಾಸ ಇಲ್ಲ."

ಅಮ್ಮ ನಗು ಬಾರದ ಹಾಗೆ ತುಟಿ ಬಿಗಿಹಿಡಿದರು. "ಯಂತ್ರ ಇರಲಿ. ಮುಲಾಜಿಲ್ಲದೆ ಮಾತಾಡೋರು ಈ ಗ್ಯಾರೇಜಿಗೆ ಬೇಕಾಗಿತ್ತು. ಆದ್ರೆ ಎರಡು ತಿಂಗಳು ನಿನ್ನ ಕೈಯಲ್ಲಿ ಬೇಡ, ಮೇಸ್ತ್ರಿ ನೋಡ್ಕೊಳ್ಳಲಿ. ನೀನು ಲಾರಿ ಕೆಳಗಿನ ಗುಂಡಿಗಿಳಿದು ಗ್ರೀಸ್ ಹೊಡಿ."

ಮರುದಿನ ಬೆಳಿಗ್ಗೆ ಪಟ್ಟಿ ಗ್ರೀಸ್ ಗನ್ ಹಿಡಿದು ಲಾರಿಯೊಂದರ ಅಡಿಯಲ್ಲಿ ನಿಂತಿದ್ದ. ಆದರೂ ಯಂತ್ರ ಇದೇ ಸೂರಿನ ಕೆಳಗಿದೆಯಲ್ಲ ಎಂದು ಮನಸ್ಸು ಹಗುರವಾಗಿತ್ತು. ಮೇಲಿಂದ ಪಿಸುಮಾತು ಕೇಳಿಸಿತು.

"ಅಳಿಯಂದ್ರೇ, ಇದನ್ನ ಎಬ್ಬಿಸೋದು ಎಲ್ಲಿಂದ?"

"ಬಲಗಡೆ ಮಾವ. ಒತ್ತಿ ಹಿಡ್ಕೊಳ್ಳಿ."

ಮೇಲೆ ಬೀಪ್ ಎಂದಿತು. "ಎದ್ದಿತು. ಎರಡು ಸಲ ಒತ್ತಿದ್ದಕ್ಕೆ ಒಪ್ಕೊಳ್ತು ನೋಡಿ, ಮರ್ಯಾದಸ್ಥ ಯಂತ್ರ. ಈಗೇನೋ ಕೇಳ್ತಿದೆ."

"ಏನಂತೆ?"

"ಕೆಲಸ ಮಾಡ್ತಿರೋರ ಹೆಸರಂತೆ. ಇನ್ಮೇಲೆ ಇಲ್ಲಿ ಏನೇ ಮಾಡಿದ್ರೂ ಆ ಹೆಸರಲ್ಲೇ ಬರ್ಕೊಳ್ಳುತ್ತಂತೆ."

"ಹಾಗಾದ್ರೆ ಹಾಕಿ ಮಾವ, ನಿಮ್ಮ ಹೆಸರು."

"ಛೆ, ನನ್ನದ್ಯಾಕೆ," ಎಂದರು ಮೇಸ್ತ್ರಿ, ಉದ್ದದ ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತ. "ಆಗಲೇ ನಿಮ್ಮದೇ ಹಾಕಿಯಾಯ್ತು."