ಉದಾರವೋ ಉದ್ರಿಯೋ

ಅರಿಶಿನ ಪೇಟೆಯಲ್ಲಿ ಹುಟ್ಟಿ, ಅರಿಶಿನ ಮಾರಿದ ದುಡ್ಡಿನಲ್ಲಿ ಓದಿ, ಕೊನೆಗೆ ಪೇಟೆಯನ್ನೇ ಬೈಯುವುದಕ್ಕೆ ಪಗಾರ ತೆಗೆದುಕೊಂಡವನು ಇಡೀ ಸಾಂಗ್ಲಿಯಲ್ಲಿ ಒಬ್ಬನೇ ಇದ್ದ. ಅವನು ನನ್ನ ತಮ್ಮ! ಕಾಲೇಜಿನಲ್ಲಿ ಮರಾಠಿಯೊಳಗೆ ತತ್ತ್ವಶಾಸ್ತ್ರ ಕಲಿಸುತ್ತಿದ್ದ, ಇಂಗ್ಲಿಷಿನಲ್ಲಿ ಲೇಖನ ಬರೆಯುತ್ತಿದ್ದ, ಮನೆಗೆ ಬಂದು ಕನ್ನಡದಲ್ಲಿ ನನ್ನ ತಲೆ ತಿನ್ನುತ್ತಿದ್ದ. ನಾನು ಮೆಟ್ರಿಕ್ ಓದಿದವನು; ಅಪ್ಪ ತೀರಿಕೊಂಡ ವರ್ಷವೇ ಅಂಗಡಿಯ ಗಾದಿಯ ಮೇಲೆ ಕುಳಿತೆ. ತಮ್ಮನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಕಾಗುಣಿತ ತಿದ್ದಲು ಎದ್ದು ಬಂದಾನು. ಹಾಗೆ ಬರುವುದು ನಿಜವಾಗಿದ್ದರೆ ಪುಟದ ತುಂಬ ಬರೆಯುತ್ತಿದ್ದೆ.

ಅವನ ಜನ್ಮವೈರಿಯ ಹೆಸರು ನವ ಉದಾರವಾದ. ಸರಕಾರ, ಶಾಲೆ, ದವಾಖಾನೆ, ಕಡೆಗೆ ಮನುಷ್ಯನ ಮನಸ್ಸು, ಎಲ್ಲವೂ ಪೇಟೆಯ ಹಾಗೆಯೇ ನಡೆಯಬೇಕು ಎನ್ನುವ ವಿಚಾರವಂತೆ ಅದು. ಅದರ ಜೊತೆ ಅವನು ಜಗಳವಾಡದ ದಿನವಿಲ್ಲ. ಹೆಂಡತಿಯ ಜೊತೆ ಆಡಬಹುದಿತ್ತು, ಆದರೆ ಮದುವೆಯಾಗಲು ಪುರುಸೊತ್ತಾಗಲಿಲ್ಲ.

ಒಮ್ಮೆ ನಾನು ಊಟಕ್ಕೆ ಹೋದಾಗ ಅವನನ್ನು ಗಾದಿಯ ಮೇಲೆ ಕೂರಿಸಿದ್ದೆ. ಮಾಧವನಗರದಿಂದ ಬಂದ ಗಿರಾಕಿಯೊಬ್ಬ, ಅರಿಶಿನ ಚಲೋ ಐತೇನ್ರಿ ಎಂದು ಕೇಳಿದ. ಚಲೋ ಐತಿ, ಎದುರಿನ ಅಂಗಡಿಯಾಗೂ ಇಷ್ಟ ಚಲೋ ಐತಿ, ಎರಡೂ ಒಂದ ಹೊಲದ್ದು ಎಂದು ನನ್ನ ತಮ್ಮ ಸತ್ಯ ಹೇಳಿದ. ಅಂದಿನಿಂದ ಎದುರಿನ ಅಂಗಡಿಯವರು ನನಗೆ ಕೇಳಿಸುವ ಹಾಗೆ ಕೂಗಿ, ಅವನಿಗೆ ದಿನಾ ಚಹಾ ಕಳಿಸತೊಡಗಿದರು.

ಮನೆಯಲ್ಲಿ ನನ್ನ ಹೆಂಡತಿಯ ಮುಂದೆಯೂ ಅದೇ ಉಪನ್ಯಾಸ.

"ವೈನಿ, ನಿಮ್ಮ ದುಡಿಮಿಗೆ ಬೆಲೆ ಕಟ್ಟೂದ ದೊಡ್ಡ ತಪ್ಪ ನೋಡ್ರಿ."

"ಕಟ್ಟಬ್ಯಾಡ್ರಿ ಭಾವೋಜಿ. ಆ ಕಪ್ಪೊಂದು ತೊಳದಿಡ್ರಿ."

ತೊಳೆದಿಟ್ಟ. ಹಿಡಿಕೆ ಮುರಿದಿತ್ತು.

ಇನ್ನೊಂದು ದಿನ ಅವನ ಫೋನಿನಲ್ಲಿ ಕಂಪನಿಯ ಹುಡುಗಿಯೊಬ್ಬಳು, ನಮ್ಮ ಸೇವೆಗೆ ಒಂದರಿಂದ ಐದರೊಳಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದಳು. ಮನುಷ್ಯರಿಗೆ ಅಂಕ ಹಾಕುವುದಿಲ್ಲ ಎಂದ ಇವನು, ಅವಳ ಊರು, ಓದು, ಊಟ ಎಲ್ಲ ವಿಚಾರಿಸಿ, ಯಾಕೆ ಹಾಕಬಾರದು ಎಂದು ಬಿಡಿಸಿ ಹೇಳಿದ. ಅವಳು ಪಾಪ, "ಕಾಕಾ, ಪಣ ನಂಬರ್ ದ್ಯಾ ನಾ" ಎಂದು ಮರಾಠಿಯಲ್ಲಿ ಅಂಕವನ್ನೇ ಬೇಡಿದಳು. ಕೊಡಲಿಲ್ಲ. ಫೋನಿಟ್ಟ ಕೂಡಲೇ ಸಂದೇಶ ಬಂತು: ಐದು ಅಂಕ ಕೊಟ್ಟಿದ್ದಕ್ಕೆ ಧನ್ಯವಾದ!

ಆದರೆ ನಿಜವಾದ ಫಜೀತಿ ಆದದ್ದು ವ್ಯಾಪಾರಿ ಸಂಘದ ಭಾಷಣದಲ್ಲಿ. ಅಧ್ಯಕ್ಷರು ನಮ್ಮವರೇ, ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ. ನನ್ನ ತಮ್ಮ ಫೋನಿನಲ್ಲಿ 'ನವ ಉದಾರವಾದದ ವಿರುದ್ಧ' ಎಂದು ವಿಷಯ ಹೇಳಿದ. ಅವರಿಗೆ ಕೇಳಿಸಿದ್ದು ಮರಾಠಿಯ 'ಉಧಾರ'. ಉಧಾರ ಎಂದರೆ ನಮ್ಮ ಉದ್ರಿ, ಸಾಲದ ವ್ಯಾಪಾರ. ಉದ್ರಿಯ ವಿರುದ್ಧ ಒಬ್ಬ ಪ್ರೊಫೆಸರ್ ಮಾತಾಡುತ್ತಾನೆ ಎಂದರೆ ವ್ಯಾಪಾರಿಗಳು ಬಿಟ್ಟಾರೆಯೇ? ಮಿರಜದಿಂದಲೂ ಬಂದರು. ತತ್ತ್ವಶಾಸ್ತ್ರಕ್ಕೆ ನಿಲ್ಲಲೂ ಜಾಗವಿಲ್ಲದಷ್ಟು ಜನ! ಇದು ಮನೆಮನೆಗೂ ಹೊಕ್ಕಿದೆ ಎಂದು ಅವನು ಹೇಳಿದಾಗ ಚಪ್ಪಾಳೆ. ಇದನ್ನು ವಿರೋಧಿಸಬೇಕು ಎಂದಾಗ ಶಿಳ್ಳೆ. ಕೊನೆಗೆ ಅಧ್ಯಕ್ಷರು ಶಾಲು ಹೊದಿಸಿ, ಅಂಗಡಿಯ ಮುಂದೆ ತೂಗುಹಾಕಲು ಇದನ್ನೇ ಒಂದು ಸಾಲಿನಲ್ಲಿ ಬರೆದುಕೊಡ್ರಿ ಎಂದರು.

ಬರುವಾಗ ಅವನು ನನ್ನ ಸ್ಕೂಟರಿನ ಹಿಂದೆ ಶಾಲು ಮಡಚಿ ಹಿಡಿದು ಕುಳಿತಿದ್ದ. ನಾನು ನಗು ತಡೆದುಕೊಂಡು ಗಾಡಿ ಹೊಡೆದೆ. ಮನೆ ಮುಂದೆ ಇಳಿದು, "ಅಣ್ಣಾ, ತಪ್ಪ ಅವರದಲ್ಲ. ನಮ್ಮ ಮನಿ ಮಾತಿನ್ಯಾಗ ಇದನ್ನ ಹೇಳಾಕ ನನಗ ಬರಂಗಿಲ್ಲ" ಎಂದ.

ಆಮೇಲೆ ಅವನಿಗೆ ಒಂದೇ ಹಂಬಲ. ಕನ್ನಡದಲ್ಲಿ, ನನ್ನಂಥವನಿಗೆ ತಿಳಿಯುವ ಹಾಗೆ, ಒಂದು ಸಣ್ಣ ಪುಸ್ತಕ ಬರೆಯಬೇಕು. ನನಗೆ ತಿಳಿಯಿತೋ ಇಲ್ಲವೋ ಎಂಬುದೇ ಪರೀಕ್ಷೆ. ದಿನಾ ಊಟದ ಹೊತ್ತಿಗೆ ಒಂದು ಹೊಸ ಮೊದಲ ವಾಕ್ಯವನ್ನು ಚೀಟಿಯಲ್ಲಿ ಬರೆದುಕೊಂಡು ಬರುತ್ತಿದ್ದ.

"ನೀ ಮಧ್ಯಾಹ್ನ ಶಟರ್ ಎಳದು ಬರ್ತಿ. ತಾಟಿನ ಮುಂದ ಕುಂತಾಗ ನೀ ವ್ಯಾಪಾರಿ ಅಲ್ಲ, ಹೌದಿಲ್ಲೋ? ಈಗಿನ ಮನುಷ್ಯಾಗ ಶಟರ್ ಇಲ್ಲ. ಅಂಗಡೀನೂ ತಾನ, ಮಾಲೂ ತಾನ."

ಹೌದಪ್ಪಾ, ಖರೆ ಎಂದೆ. ಅವನ ಮುಖ ಬಾಡಿತು. ವ್ಯಾಪಾರಿ ಇಷ್ಟು ಲಗೂನ ಒಪ್ಪಿದನೆಂದರೆ ಮಾಲಿನಲ್ಲೇ ಏನೋ ದೋಷವಿದೆ ಎಂದು ಚೀಟಿಯನ್ನು ಹರಿದು ಹಾಕಿದ. ಮರುದಿನ ಇನ್ನೊಂದಕ್ಕೆ ತಿಳಿಯಲಿಲ್ಲ ಎಂದೆ. ಅದನ್ನೂ ಹರಿದ. ಹೀಗೆ ಮೊದಲ ವಾಕ್ಯ ದಾಟುವ ಮೊದಲೇ ಅವನ ಹೃದಯ ಕೈಕೊಟ್ಟಿತು.

ಮಿರಜದ ದವಾಖಾನೆಗೆ ಸೇರಿಸಿದೆವು. ಯಾವ ಪ್ಯಾಕೇಜು ಬೇಕು ಎಂದು ಕೌಂಟರಿನವರು ಕೇಳಿದರು. ಮಾತಾಡಲು ಮಂದಿ ಇರುವುದು ಯಾವುದರಲ್ಲೋ ಅದು ಎಂದು ಹೇಳಿ ಜನರಲ್ ವಾರ್ಡಿಗೆ ಹೋದ. ಪಕ್ಕದ ಹಾಸಿಗೆಯಲ್ಲಿ ಮ್ಹೈಸಾಳದ ಕಬ್ಬಿನ ರೈತರೊಬ್ಬರಿದ್ದರು. ಇವನ ವಾದ ಕೇಳೀ ಕೇಳೀ ಅವರು ಬೇಗ ಗುಣವಾಗಿ ಮನೆಗೆ ಹೋದರು. ಇವನು ಗುಣವಾಗಲಿಲ್ಲ.

ಒಂದು ಸಂಜೆ ನಾನೊಬ್ಬನೇ ಹತ್ತಿರ ಕುಳಿತಿದ್ದೆ. ಕಣ್ಣು ಮುಚ್ಚಿಕೊಂಡೇ ಕೇಳಿದ:

"ಅಣ್ಣಾ, ನನ್ನ ಓದಿಸಿದ್ರಾಗ ನಿನಗ ಏನ ಗಿಟ್ಟಿತು?"

"ಏನ ಗಿಟ್ಟತೈತಿ? ಲುಕ್ಸಾನ."

ನಕ್ಕ. ನಕ್ಕಿದ್ದಕ್ಕೆ ಕೆಮ್ಮು ಬಂತು. ನೀರು ಕುಡಿಸಿದೆ.

"ಮತ್ತ ಯಾಕ ನಿಲ್ಲಸಲಿಲ್ಲ?"

"ನೀ ನನ್ನ ತಮ್ಮ ಅಲ್ಲೇನೋ?"

ತಲೆಯನ್ನು ದಿಂಬಿಗೆ ಒರಗಿಸಿದ. ನಿದ್ದೆ ಹತ್ತಿತೇನೋ ಅಂದುಕೊಂಡೆ.

"ಇದ ನೋಡು," ಎಂದ. "ಮೊದಲನೇ ವಾಕ್ಯ ಇದ ಆಗಬೇಕಿತ್ತು."

ಬರೀವಂತಿ ತಗೋ, ಮನಿಗೆ ಹೋಗೋಣು ಎಂದೆ. ಚಾದರಿನ ಕೆಳಗೆ ಅವನ ಕೈ ಬಂದು ನನ್ನ ಕೈಯನ್ನು ಹಿಡಿಯಿತು.

ಅಪ್ಪನ ಕಾಲದಲ್ಲಿ ನಮ್ಮ ಪೇಟೆಯಲ್ಲಿ ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ತಿಳಿಸುತ್ತಿದ್ದರು. ಚಿಕ್ಕಂದಿನಲ್ಲಿ ಕಲಿತದ್ದನ್ನು ಕೈ ಮರೆಯುವುದಿಲ್ಲ. ನನಗೆ ಅರಿವಿಲ್ಲದೆಯೇ ಅವನ ಬೆರಳುಗಳನ್ನು ಓದಲು ಹೋದೆ. ಎಷ್ಟು ಹೇಳುತ್ತಿದ್ದಾನೆ? ಎರಡೋ, ಮೂರೋ?

ಅವನು ಯಾವ ಬೆರಳನ್ನೂ ಒತ್ತಿರಲಿಲ್ಲ. ಸುಮ್ಮನೆ ಹಿಡಿದುಕೊಂಡಿದ್ದ.