ಬಲೋನಿ ಬಿಟ್ಟು ಜಿಂಕೆ ಹಿಡಿದ ತಾತ

ಹುಟ್ಟಿದಾಗಿನಿಂದ ಮಾಂಸ ಮುಟ್ಟದವಳು ಊರವರಿಗೆಲ್ಲ ಮಾಂಸದ ಪಾಠ ಹೇಳೋ ಕೆಲಸಕ್ಕೆ ಸೇರಿದರೆ ಇಂಥವು ಆಗ್ತಾನೇ ಇರ್ತವೆ, ಯಾರನ್ನೂ ದೂರೋ ಹಾಗಿಲ್ಲ. ಮೈಸೂರಲ್ಲಿ ಹೋಂ ಸೈನ್ಸ್ ಓದಿದ್ದೆ. ಮದುವೆಯಾಗಿ ನಾರ್ತ್ ಕೆರೊಲಿನಾಗೆ ಬಂದು, ಇಲ್ಲಿ ಇನ್ನೆರಡು ವರ್ಷ ಓದಿ, ಡರ್ಹಮ್‌ನ ಒಂದು ಆಸ್ಪತ್ರೆಯ ಹಾರ್ಟ್ ಕ್ಲಿನಿಕ್‌ನಲ್ಲಿ ಡಯಟೀಶಿಯನ್ ಆದೆ. ತೊಂಬತ್ತರ ದಶಕದ ನಡುಭಾಗ ಅದು. ಅಂಗಡಿ ಪ್ಯಾಕೆಟ್ಟುಗಳ ಬೆನ್ನಿಗೆ ಉಪ್ಪೆಷ್ಟು, ಕೊಬ್ಬೆಷ್ಟು ಅಂತ ಅಚ್ಚು ಹಾಕೋದು ಆಗಷ್ಟೇ ಶುರುವಾಗಿತ್ತು. ಅದನ್ನು ಓದೋಕೆ ಜನಕ್ಕೆ ಕಲಿಸೋದು ನನ್ನ ಕೆಲಸ. ನಕ್ಕಿದ್ದು ಬೇಕಾದಷ್ಟಿದೆ. ಆದರೆ ಈಗ ಹೇಳ್ತಿರೋದು ಹೆಚ್ಚುಪಾಲು ಒಬ್ಬ ತಾತನ ವಿಷಯ, ಅವರೀಗ ಇಲ್ಲ. ನಗಿಸ್ತಾ ನಗಿಸ್ತಾ ನಡುವೆ ಅತ್ತುಬಿಟ್ಟರೆ ಸ್ವಲ್ಪ ಸಹಿಸಿಕೊಳ್ಳಿ.

೧. ರಬ್ಬರ್ ಸಾಸೇಜು

ನಮ್ಮ ಕೆಲಸದಲ್ಲಿ ಊಟದ ಪ್ರಮಾಣ ತೋರಿಸೋಕೆ ರಬ್ಬರ್ ಮಾದರಿಗಳಿರ್ತವೆ. ಹಂದಿಮಾಂಸದ ತೆಳು ಪಟ್ಟಿಯಂಥ ರಬ್ಬರ್ ಬೇಕನ್, ಅರೆದ ಮಾಂಸ ತುಂಬಿದ ಕೊಳವೆಯಂಥ ರಬ್ಬರ್ ಸಾಸೇಜು, ರಬ್ಬರ್ ಹಂದಿ ತೊಡೆ, ಎಲ್ಲ ಬಣ್ಣ ಸಮೇತ. ಮೊದಮೊದಲು ಅವನ್ನೂ ಎರಡೇ ಬೆರಳಲ್ಲಿ, ಸತ್ತ ಹಲ್ಲಿ ಎತ್ತೋ ಹಾಗೆ ಎತ್ತುತ್ತಿದ್ದೆ. ಆಮೇಲೆ ಅಭ್ಯಾಸವಾಗಿ ಹ್ಯಾಂಡ್‌ಬ್ಯಾಗಿಗೇ ಹಾಕ್ಕೊಂಡು ಓಡಾಡೋಕೆ ಶುರು ಮಾಡಿದೆ.

ಒಂದು ಯುಗಾದಿಗೆ ರಾಲಿಯಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಒಬ್ಬಟ್ಟು ಬಡಿಸೋ ಮುಂಚೆ ಕೈ ಒರೆಸೋಕೆ ಅಂತ ಕರವಸ್ತ್ರ ತೆಗೀತೀನಿ, ಬ್ಯಾಗಿಂದ ಸಾಸೇಜು ಉರುಳಿಕೊಂಡು ಹೋಗಿ ಒಬ್ಬ ಹಿರಿಯ ಆಂಟಿಯ ಎಲೆ ಪಕ್ಕಕ್ಕೇ ನಿಂತಿತು. ಪಂಕ್ತಿಗೆ ಪಂಕ್ತಿಯೇ ಎಲೆ ಮೇಲಿಂದ ಕೈ ಎತ್ತಿತು.

"ಆಂಟಿ, ರಬ್ಬರ್ ಅದು! ಬರೀ ರಬ್ಬರ್!" ಅಂತ ಕೂಗಿಕೊಂಡೆ.

ಆಂಟಿ ಅದನ್ನೂ ನೋಡಿದರು, ನನ್ನನ್ನೂ ನೋಡಿದರು. "ಅಯ್ಯೋ ಪಾಪ," ಅಂದರು, "ತಿನ್ನೋಕೆ ಧೈರ್ಯ ಇಲ್ಲ ಅಂತ ರಬ್ಬರಿನದ್ದಾದ್ರೂ ಇಟ್ಕೊಂಡಿದ್ದೀಯಾ?"

೨. ನವೆಂಬರ್ ಬೇಕು

ತಾತ ಬಂದಿದ್ದು ಜೂನ್‌ನಲ್ಲಿ. ಇಲ್ಲಿಯವರೇ, ತಂಬಾಕು ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿ, ಒಂದು ವಾರ ಆಸ್ಪತ್ರೆಯಲ್ಲಿದ್ದು ನನ್ನ ಕೋಣೆಗೆ ಬಂದರು. ಕಾಲು ಬಾಳೆದಿಂಡಿನ ಹಾಗೆ ಊದಿತ್ತು. ಜೊತೆಗೆ ಅಜ್ಜಿ. ಅಜ್ಜಿಗೆ ಮಾತು ಜಾಸ್ತಿ, ತಾತನಿಗೆ ಕಡಿಮೆ.

"ಬೆಳಿಗ್ಗೆ ಏನು ತಿಂತೀರಿ?" ಅಂದೆ.

"ಬಲೋನಿ." ಅಂದರೆ ಹಂದಿ, ದನ, ಕೋಳಿ ಎಲ್ಲ ನುಣ್ಣಗೆ ಅರೆದು, ಉಪ್ಪು ತುಂಬಿ, ದುಂಡಗೆ ಕತ್ತರಿಸಿ ಪ್ಯಾಕೆಟ್ಟಲ್ಲಿ ಮಾರೋ ಮಾಂಸ.

"ಮಧ್ಯಾಹ್ನ?"

"ಡಬ್ಬಿ ಸಾಸೇಜು."

"ರಾತ್ರಿ?"

"ಹ್ಯಾಮ್." ಅದು ಉಪ್ಪಲ್ಲಿ ಹೂತು ಒಣಗಿಸಿದ ಹಂದಿ ತೊಡೆ. ನನಗೆ ತಲೆ ಚಚ್ಚಿಕೊಳ್ಳೋ ಹಾಗಾಯ್ತು. ಸೋತ ಹೃದಯಕ್ಕೆ ಉಪ್ಪು ಅಂದರೆ ವಿಷ. ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತೆ, ನೀರು ಎದೆಯ ಮೇಲೆ ಕೂರುತ್ತೆ.

ತಾತನಿಗೆ ಬೇಕಿದ್ದದ್ದು ಒಂದೇ. ಹನ್ನೆರಡನೇ ವಯಸ್ಸಿಂದ ಒಂದು ವರ್ಷವೂ ತಪ್ಪದೆ ನವೆಂಬರ್‌ನಲ್ಲಿ ಜಿಂಕೆ ಬೇಟೆಗೆ ಹೋದವರು. ಊತ ಇಳಿದು, ತೂಕ ಏರದೆ ನಿಂತರೆ ಮಾತ್ರ ಈ ವರ್ಷ ಕಾಡಿಗೆ ಬಿಡ್ತೀನಿ ಅಂತ ಡಾಕ್ಟರು ಹೇಳಿದ್ದರು. "ನೂರು ವರ್ಷ ಬದುಕಿಸು ಅಂತ ಕೇಳ್ತಿಲ್ಲ ಹನಿ," ಅಂದರು ತಾತ. ಹನಿ ಅಂದರೆ ಜೇನು, ಇಲ್ಲಿನ ಹಿರಿಯರು ಪ್ರೀತಿಯಿಂದ ಕರೆಯೋದು ಹಾಗೆ. "ಈ ಒಂದು ನವೆಂಬರ್ ಕೊಡಿಸು."

ಅಲ್ಲಿಯವರೆಗೆ ಎಲ್ಲರೂ ಅದು ಬಿಡು, ಇದು ಬಿಡು ಅಂದಿದ್ದರಂತೆ. ನಾನು ಪಟ್ಟಿ ತೆಗೆದು ತೋರಿಸಿದೆ. ಇಲ್ಲಿ ನೋಡಿ ಬಲೋನಿ, ಕೊಬ್ಬೂ ಜಾಸ್ತಿ, ಉಪ್ಪೂ ಜಾಸ್ತಿ. ಇಲ್ಲಿ ನೋಡಿ ಕಾಡುಜಿಂಕೆ. ಓಡಾಡಿ ಬೆಳೆದ ಪ್ರಾಣಿ, ಕೊಬ್ಬು ತೀರಾ ಕಡಿಮೆ, ಪ್ರೋಟೀನು, ಕಬ್ಬಿಣ ಧಾರಾಳ, ನಾವು ಹಾಕದೆ ಉಪ್ಪಿಲ್ಲ. "ಬಲೋನಿ ಬಿಡಿ, ಜಿಂಕೆ ತಿನ್ನಿ" ಅಂತ ಚೀಟಿಯಲ್ಲಿ ಬರೆದೇ ಕೊಟ್ಟೆ. ತಾತ ಚೀಟಿಯನ್ನು ಎರಡು ಸಲ ಓದಿದರು. ಕಣ್ಣು ತುಂಬಿಬಂತು.

"ನೀನು ಬಲೋನಿ ತಿಂದಿದ್ದೀಯಾ ಹನಿ?"

"ಇಲ್ಲ."

"ಬೇಕನ್? ಹ್ಯಾಮ್? ಜಿಂಕೆ?"

"ಯಾವುದೂ ಇಲ್ಲ. ಮೊಟ್ಟೇನೂ ಇಲ್ಲ."

ತಾತ ಅಜ್ಜಿಯ ಕಡೆ ತಿರುಗಿದರು. "ನೋಡೇ, ನಮ್ಮಿಬ್ಬರಿಗಿಂತ ಮೊದಲು ಸ್ವರ್ಗಕ್ಕೆ ಇವಳನ್ನ ಕರೀತಾರೆ. ಪಾಪ, ಭೂಮಿ ಮೇಲೆ ಮಾತ್ರ ಏನೂ ಸುಖ ಕಾಣಲಿಲ್ಲ."

೩. ಜಿಂಕೆ ಜೊತೆ ಬಂದ ಹಂದಿ

ಎರಡು ವಾರ ಬಿಟ್ಟು ಬಂದರು. ಕಾಲು ಮೊದಲಿಗಿಂತ ಊದಿದೆ, ತೂಕ ಏರಿದೆ, ಮೂರು ಮಾತಾಡಿದರೆ ಏದುಸಿರು. ನನಗೆ ರೇಗಿಹೋಯ್ತು.

"ನಿಜ ಹೇಳಿ ತಾತ. ಬಲೋನಿ ತಿಂದ್ರಿ ತಾನೆ?"

"ದೇವರಾಣೆ ಇಲ್ಲ."

"ನನ್ನಾಣೆಗೂ ಇಲ್ಲ," ಅಂದರು ಅಜ್ಜಿ. "ಮೂರು ಹೊತ್ತೂ ನೀನು ಬರೆದುಕೊಟ್ಟ ಜಿಂಕೆಯೇ. ಪಕ್ಕದ ಮನೆಯವರ ಫ್ರೀಜರಲ್ಲಿ ಹೋದ ವರ್ಷದ್ದು ರಾಶಿ ಇತ್ತು, ಎಲ್ಲಾ ಕೊಟ್ಟರು."

"ಹೇಗೆ ತಿಂದ್ರಿ?"

"ಸಾಸೇಜು."

"ಸರಿ, ಸಾಸೇಜಲ್ಲಿ ಏನೇನಿತ್ತು?"

ಇಬ್ಬರೂ ನನ್ನನ್ನು ಏನೂ ಅರಿಯದ ಮಗುವನ್ನು ನೋಡೋ ಹಾಗೆ ನೋಡಿದರು. "ಜಿಂಕೆ ಒಣಕಲು ಅಲ್ವಾ ಹನಿ," ಅಂದರು ತಾತ ಸಮಾಧಾನವಾಗಿ. "ಅರ್ಧಕ್ಕರ್ಧ ಹಂದಿ ಕೊಬ್ಬು ಹಾಕದೆ, ಕೈತುಂಬ ಉಪ್ಪು ಬೀಳದೆ ಸಾಸೇಜು ಹೇಗಾಗುತ್ತೆ?"

ಜಿಂಕೆಗೆ ಏನು ಬೆರೆಸ್ತೀರಿ? ಮಾಂಸ ತಿನ್ನೋರು ಯಾರಾದರೂ ಮೊದಲ ದಿನವೇ ಕೇಳುತ್ತಿದ್ದ ಪ್ರಶ್ನೆ ಅದು. ನನ್ನ ಪುಸ್ತಕದಲ್ಲಿ ಜಿಂಕೆ ಅಂದರೆ ಬರೀ ಜಿಂಕೆ. ಆದರೆ ನನಗೆ ಹೊಳೀಬೇಕಿತ್ತು. ಸಕ್ಕರೆ ಕಾಯಿಲೆಗೆ ಹಾಗಲಕಾಯಿ ಒಳ್ಳೇದು ಅಂತ ಡಾಕ್ಟರು ಹೇಳಿದಾಗ ನಮ್ಮಪ್ಪ ಅಚ್ಚು ಬೆಲ್ಲ ಹಾಕಿಸಿ ಗೊಜ್ಜು ಮಾಡಿಸಿಕೊಂಡು ತಿಂದವರೇ. ತಾತ ನನ್ನ ಮಾತನ್ನು ನಂಬಿ, ಪಥ್ಯ ಅಂತಲೇ ಎರಡು ವಾರ ಉಪ್ಪು ನುಂಗಿದ್ದರು. ಮತ್ತೆ ಆಸ್ಪತ್ರೆಗೆ ಸೇರಿಸಿದರು. ಬಾತ್‌ರೂಮಿನ ಚಿಲಕ ಹಾಕಿಕೊಂಡು ಅತ್ತೆ ನಾನು. ನವೆಂಬರ್ ಇರಲಿ, ಈ ಮನುಷ್ಯ ಆಗಸ್ಟ್ ಕಾಣದೆ ಹೋದರೆ ಅದು ನನ್ನ ಚೀಟಿಯಿಂದ ಅನ್ನೋ ಭಯ ಹಿಡಿದುಬಿಟ್ಟಿತು.

ಆದರೆ ತಾತ ಗಟ್ಟಿ, ಚೇತರಿಸಿಕೊಂಡರು. ಹೊಸ ಚೀಟಿ ಬರೆದು ಫೈಲಿಗೂ ಒಂದು ಪ್ರತಿ ಹಾಕಿದೆ: "ಜಿಂಕೆ. ಬರೀ ಜಿಂಕೆ. ಜಿಂಕೆಯ ಜೊತೆ ಹಂದಿ ಇರಬಾರದು. ಯಾರೂ ಉಪ್ಪು ಹಾಕಬಾರದು."

ವಾರ್ಡಿನ ನರ್ಸಮ್ಮ ಅದನ್ನು ಓದಿ ಫೋನ್ ಮಾಡಿದಳು. "ಇದು ಊಟದ ಪಟ್ಟಿನಾ, ಮೃಗಾಲಯದಲ್ಲಿ ಹಾಕೋ ಬೋರ್ಡಾ?"

೪. ಮೂಗು ಮುಚ್ಚಿ ಮಾಡಿದ ಅಡುಗೆ

ಉಪ್ಪಿಲ್ಲದೆ ಜಿಂಕೆ ಹೇಗೆ ಬೇಯಿಸೋದು ಅಂತ ಅಜ್ಜಿ ಕೇಳಿದರು. ನನಗೇನು ಗೊತ್ತು, ಕರ್ಮ! ಆದರೂ ತಪ್ಪು ನನ್ನದು, ತಿದ್ದಬೇಕಾದವಳೂ ನಾನೇ. ಒಂದು ಶನಿವಾರ ಧನಿಯ, ಜೀರಿಗೆ, ಮೆಣಸು, ಶುಂಠಿ, ಬೆಳ್ಳುಳ್ಳಿ, ಹುಣಸೆಹಣ್ಣು ಎಲ್ಲ ಕಟ್ಟಿಕೊಂಡು ಹೊರಟೆ.

"ಡ್ರೈವ್ ಮಾಡ್ತೀನಿ, ಒಳಗೆ ಮಾತ್ರ ಬರಲ್ಲ," ಅಂದರು ನಮ್ಮನೆಯವರು. ಅಂಗಳದಲ್ಲೇ ನಿಂತುಬಿಟ್ಟರು.

ಅಜ್ಜಿ ಮಾಂಸ ಹೆಚ್ಚಿದರು. ನಾನು ಸೆರಗಿಲ್ಲದ ಕಾರಣ ಶಾಲಿನಿಂದ ಮೂಗು ಮುಚ್ಚಿಕೊಂಡು, ಇಣುಕಿ ನೋಡಿ, "ಈಗ ಧನಿಯ ಹಾಕಿ, ಈಗ ಹುಣಸೆ ಹಾಕಿ" ಅಂದೆ. ನಾನು ಹೇಳಿಕೊಟ್ಟಿದ್ದು ಅಸಲಿಗೆ ನಮ್ಮತ್ತೆಯ ಬದನೆಕಾಯಿ ಹುಳಿ. ಬದನೆಕಾಯಿ ಜಾಗದಲ್ಲಿ ಜಿಂಕೆ ಇತ್ತು, ಅಷ್ಟೇ. ನಮ್ಮತ್ತೆಗೆ ಇವತ್ತಿಗೂ ಈ ವಿಷಯ ಗೊತ್ತಿಲ್ಲ.

ತಾತ ಬಟ್ಟಲು ತಗೊಂಡು ಬಾಯಿಗಿಟ್ಟರು. ಅಗಿದರು. ನಾನು ಶಾಲು ಸರಿಸಿ ಅವರ ಮುಖವನ್ನೇ ನೋಡಿದೆ.

"ಹೇಗಿದೆ ತಾತ?"

"ಹನಿ, ಅರವತ್ತು ವರ್ಷ ಜಿಂಕೆ ತಿಂದಿದ್ದೀನಿ," ಅಂದರು. "ಈ ಜಿಂಕೆ ನಮ್ಮೂರಿನದಲ್ಲ." ಅಂದವರೇ ಬಟ್ಟಲನ್ನು ಮತ್ತೆ ಮುಂದಕ್ಕೆ ಚಾಚಿದರು.

೫. ಕಾಡಿನಲ್ಲಿ ಅಜ್ಜಿ

ಅಲ್ಲಿಂದ ತಾತ ಒಂದು ದಿನವೂ ತಪ್ಪಲಿಲ್ಲ. ಬೆಳಿಗ್ಗೆ ಎದ್ದು ತೂಕ ನೋಡಿ ನೋಟ್‌ಬುಕ್ಕಲ್ಲಿ ಬರೆಯೋದು, ಹಂದಿ ಸೇರದ ಜಿಂಕೆ ತಿನ್ನೋದು. ಅಕ್ಟೋಬರಿಗೆ ಊತ ಇಳಿಯಿತು. ಆದರೆ ಹೃದಯ ಮಾತ್ರ ಸುಧಾರಿಸಲಿಲ್ಲ. ಪಾರ್ಕಿಂಗ್‌ನಿಂದ ಕ್ಲಿನಿಕ್ಕಿಗೆ ಬರೋ ಅಷ್ಟರಲ್ಲಿ ಮೂರು ಕಡೆ ನಿಲ್ಲುತ್ತಿದ್ದರು. ನಾನು ಕಿಟಕಿಯಿಂದ ನೋಡಿ, ನೋಡದವಳ ಹಾಗೆ ಒಳಗೆ ಬಂದು ಕೂರುತ್ತಿದ್ದೆ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಮುಂದಿನ ವರ್ಷದ ಬೇಟೆಗೆ ಇವರು ಇರಲ್ಲ ಅಂತ ಹೇಳಿದ್ದರು. ಇದೊಂದೇ ಸಲ ಅಂತ ಅನುಮತಿ ಕೊಟ್ಟರು, ಅದೂ ಷರತ್ತಿನ ಮೇಲೆ. ಒಂದೇ ಬೆಳಿಗ್ಗೆ. ನಡೆಯೋ ಹಾಗಿಲ್ಲ, ಕೂತಿರಬೇಕು. ಯಾವ ಮಾತ್ರೆ ಯಾವಾಗ ಅಂತ ಗೊತ್ತಿರೋರು ಜೊತೆಗಿರಬೇಕು. ಅದು ಗೊತ್ತಿದ್ದದ್ದು ಅಜ್ಜಿ ಒಬ್ಬರಿಗೇ.

ಪಕ್ಕದ ಮನೆಯವನು ಟ್ರಕ್ಕಿನಲ್ಲಿ ಕರಕೊಂಡು ಹೋಗಿ, ಕಾಡಂಚಲ್ಲಿ ಎರಡು ಮಡಚೋ ಕುರ್ಚಿ ಹಾಕಿ ಕೂರಿಸಿ ಬಂದನಂತೆ. ಮುಂದಿನ ವಾರ ತಾತ ಬಂದಾಗ ನಾನು ಬಾಗಿಲಲ್ಲೇ ಕೇಳಿದೆ, "ಸಿಕ್ತಾ?"

"ಎಲ್ಲಿಂದ ಸಿಗುತ್ತೆ?" ಅಂದರು. "ಐವತ್ತು ವರ್ಷ ಇವಳ ಮಾತಿಂದ ತಪ್ಪಿಸಿಕೊಳ್ಳೋಕೆ ಅಂತ ಕಾಡಿಗೆ ಹೋದವನು ನಾನು. ಈ ಸಲ ಇವಳನ್ನೇ ಕರ್ಕೊಂಡು ಹೋದೆ. ಜಿಂಕೆಗಳಿಗೆ ಕಿವಿ ಇಲ್ವಾ?"

೬. ಒಂದು ಸ್ಲೈಸ್

ಫೆಬ್ರವರಿಯಲ್ಲಿ ತಾತ ಹೋಗಿಬಿಟ್ಟರು. ಬೆಳಿಗ್ಗೆ ತೂಕ ನೋಡಿ, ಬರೆದಿಟ್ಟು, ಕುರ್ಚಿಯಲ್ಲಿ ಕೂತವರು ಏಳಲಿಲ್ಲವಂತೆ.

ಮಣ್ಣಾದ ಮೇಲೆ ಅವರ ಮನೆಗೆ ಹೋದೆವು. ಇಲ್ಲಿ ಸಾವಿನ ಮನೆಗೆ ಚರ್ಚಿನವರೆಲ್ಲ ಅಡುಗೆ ತರ್ತಾರೆ. ಮೇಜಿನ ತುಂಬ ನಾನು ಎಂಟು ತಿಂಗಳು ಬೇಡ ಬೇಡ ಅಂದಿದ್ದೆಲ್ಲ ಸಾಲಾಗಿ ಕೂತಿತ್ತು. ಬೀನ್ಸ್ ಇದೆಯಲ್ಲ ಅಂತ ನಮ್ಮನೆಯವರು ಸೌಟು ಹಾಕಿದರೆ ಅದರಲ್ಲೂ ಬೇಕನ್ ಎದ್ದುಬಂತು. ನಡುವೆ ದೊಡ್ಡ ಹ್ಯಾಮ್ ಹೊಳೀತಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಎರಡು ವಾರ ತಪ್ಪು ಹೇಳಿ ಅವರನ್ನು ಮುಳುಗಿಸಿದೆ, ಉಳಿದ ದಿನವೆಲ್ಲ ಅವರ ಬಾಯಿ ಕಟ್ಟಿದೆ. ಹೋಗೋ ಮನುಷ್ಯ ಹೋಗೇ ಹೋದರು. ನಾನು ಮಾಡಿದ್ದಾದರೂ ಏನು?

ಅಡುಗೆಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದರು. ಕೈ ಹಿಡಿದುಕೊಂಡೆ. "ಕ್ಷಮಿಸಿ ಅಜ್ಜಿ. ಕೊನೇಗಾಲದಲ್ಲಿ ಅವರ ಬಾಯಿಗೆ ಒಂದು ಚೂರು ಹ್ಯಾಮ್ ಬೀಳದ ಹಾಗೆ ಮಾಡಿಬಿಟ್ಟೆ."

ಅಜ್ಜಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಬಿತ್ತು. ಆವತ್ತು ಕಾಡಲ್ಲಿ."

"ಏನು?"

"ಬನ್ನಿನ ಮಧ್ಯೆ ಇಟ್ಟು ಕೋಟಿನ ಜೇಬಲ್ಲಿ ತಗೊಂಡು ಹೋಗಿದ್ದೆ. ಮದುವೆಯಾದಾಗಿಂದ ಪ್ರತಿ ನವೆಂಬರಲ್ಲೂ ಕಟ್ಟಿಕೊಟ್ಟವಳು, ಆವತ್ತು ಹೇಗೆ ಬಿಡಲಿ? ನೋಡಿ ಅತ್ತೇಬಿಟ್ಟ. ಕೂತು ನಿಧಾನಕ್ಕೆ ತಿಂದ. ತಿಂದಾದ ಮೇಲೆ, ಆ ಹುಡುಗಿಗೆ ಮಾತ್ರ ಹೇಳಬೇಡ ಅಂತ ಆಣೆ ಹಾಕಿಸಿಕೊಂಡ. ಮೂಗು ಮುಚ್ಕೊಂಡು ಅಡುಗೆ ಹೇಳಿಕೊಟ್ಟವಳು, ಗೊತ್ತಾದರೆ ನೊಂದ್ಕೋತಾಳೆ ಅಂದ."

ನಾನು ಅಳ್ತಾ ನಿಂತೆ. ಎಂಟು ತಿಂಗಳ ಭಾರ ಇಳಿದ ಹಾಗಾಯ್ತು. ಆದರೆ ಹಾಳು ಅಭ್ಯಾಸ ನೋಡಿ, ಅಳುವಿನ ಮಧ್ಯೆಯೇ ಬಾಯಿಂದ ಜಾರಿತು, "ಎಷ್ಟು ಸ್ಲೈಸ್ ಅಜ್ಜಿ?"

"ಒಂದೇ ಹನಿ," ಅಂದರು ಗಾಬರಿಯಿಂದ. ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲವೇನೋ, ಹೆಬ್ಬೆರಳು ತೋರುಬೆರಳು ಅಗಲಿಸಿ ತೋರಿಸಿದರು. "ಇಷ್ಟು ದಪ್ಪ."

ನನ್ನ ಪಟ್ಟಿಯ ಪ್ರಕಾರ ಅದು ಏನಿಲ್ಲವೆಂದರೂ ನಾಲ್ಕು ದಿನದ ಉಪ್ಪು. ಅಜ್ಜಿಯ ಆ ಎರಡು ಬೆರಳು ಹಿಡಿದು ಇನ್ನಷ್ಟು ಅಗಲಿಸಿದೆ.

"ಇಷ್ಟಾದ್ರೂ ದಪ್ಪ ಹೆಚ್ಚಬೇಕಿತ್ತು ಅಜ್ಜಿ," ಅಂದೆ.