ಏಳನೆಯ ಪಾಠ ಮತ್ತು ಹೂತಿಟ್ಟ ಬನಿಯನ್

ಮಣ್ಣಿನ ಆರೋಗ್ಯ ತರಬೇತಿ ಕೇಂದ್ರದ ಕೈಪಿಡಿ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಕೈಪಿಡಿಯನ್ನು ಕಣ್ಣಿಗೊತ್ತಿಕೊಂಡು ಓದಿದ ಕೆಲವೇ ಮಂದಿಯಲ್ಲಿ ನಾನೂ ಒಬ್ಬನೆಂಬ ಹೆಮ್ಮೆಯಿಂದ, ತಮಗೂ, ಮೊದಲ ಹನ್ನೆರಡು ಪುಟಗಳಲ್ಲಿ ಶುಭ ಕೋರುತ್ತಾ ನಗುತ್ತಿರುವ ತಮ್ಮ ಮೇಲಧಿಕಾರಿಗಳೆಲ್ಲರಿಗೂ ಅನಂತ ನಮಸ್ಕಾರಗಳು.

ಉಳುಮೆ ಬಿಡಿ, ಮಣ್ಣಿಗೆ ಹುಲ್ಲು ಸೊಪ್ಪು ಹೊದಿಸಿ, ಒಳಗಿನ ಜೀವಿಗಳು ತಾವೇ ದುಡಿಯುತ್ತವೆ ಎಂಬ ತಮ್ಮ ಮಾತು ನಂಬಿ, ಮನೆಯ ಹೊಲದಲ್ಲಿ ನನಗೆ ಬಿಟ್ಟುಕೊಟ್ಟ ಒಂದು ಎಕರೆಯನ್ನು ಎರಡು ವರ್ಷದಿಂದ ಉಳದೆ ಕಾಪಾಡಿದ್ದೇನೆ. ಮನೆಯ ಯಜಮಾನನಾದ ಅಣ್ಣ "ಇವನಿಗೆ ಸೋಮಾರಿತನಕ್ಕೂ ಒಂದು ಪುಸ್ತಕ ಸಿಕ್ಕಿದೆ ನೋಡಿ" ಎಂದು ಊರೆಲ್ಲ ಸಾರಿಕೊಂಡು ಬಂದಾಗ, ತಮ್ಮ ಏಳನೆಯ ಪಾಠವನ್ನು ಅವನ ಮುಂದೆ ಹಿಡಿದೆ. ಬನಿಯನ್ನೊಂದನ್ನು ಗೇಣು ಆಳದಲ್ಲಿ ಹೂತು ಅರವತ್ತನೆಯ ದಿನ ತೆಗೆದರೆ, ಮಣ್ಣಿನಲ್ಲಿ ಜೀವವಿದ್ದಷ್ಟೂ ಅದನ್ನು ಒಳಗಿನ ಜೀವಿಗಳು ತಿಂದು ಮುಗಿಸಿರುತ್ತವಂತೆ. ಸರಿ, ಬನಿಯನ್ ಕರಗಿದ್ದರೆ ನಿನ್ನ ಎಕರೆಯ ತಂಟೆಗೆ ಬರುವುದಿಲ್ಲ, ಇಡಿಯಾಗಿ ಬಂದರೆ ಮರುದಿನವೇ ಟ್ರ್ಯಾಕ್ಟರ್ ಇಳಿಸುತ್ತೇನೆ ಎಂದು ಅಣ್ಣ ಮಾತು ಕೊಟ್ಟ.

ಮಣ್ಣಿಗೆ ಕೊಡುವಾಗ ಹರಿದದ್ದನ್ನು ಕೊಡುವುದೇ? ಮಾವನವರು ಕೊಡಿಸಿದ, ಡಬ್ಬಿಯಿಂದಲೇ ತೆಗೆಯದ, ಮಿರಿಮಿರಿ ಮಿಂಚುವ ಬನಿಯನ್ನನ್ನೇ ಹೂತೆ. ಅರವತ್ತನೆಯ ದಿನ ಅಕ್ಕಪಕ್ಕದ ಹೊಲದವರೆಲ್ಲ ನೆರೆದಿರುವಾಗ ಅಗೆದು ತೆಗೆದರೆ, ಅಬ್ಬಾ, ಎಂಥ ಮರ್ಯಾದಸ್ಥ ಬನಿಯನ್ ಸ್ವಾಮಿ ಅದು! ಒಂದು ಎಳೆಯೂ ಎದ್ದಿರಲಿಲ್ಲ. "ಒಗೆದು ಹಾಕ್ಕೊಳ್ಳೋ, ಇನ್ನೂ ನಾಕು ವರ್ಷ ಬರತ್ತೆ" ಎಂದ ಅಣ್ಣ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಟ್ಟಿದ್ದರೂ ನನ್ನನ್ನು ಹೀಗೇ ಇಡಿಯಾಗಿ ವಾಪಸು ಕಳಿಸುತ್ತಿತ್ತೇನೋ.

ಅತ್ತಿಗೆ ಮಾತ್ರ ನಗದೆ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಹಿಡಿದರು. ಅದು ಬೂದಿಯಾಗಲಿಲ್ಲ, ಪ್ಲಾಸ್ಟಿಕ್ಕಿನ ಹಾಗೆ ಕರಗಿ ಗುಂಡಾಯಿತು. ಓಡಿಹೋಗಿ ಕೈಪಿಡಿ ತಿರುವಿದರೆ, ಬನಿಯನ್ ಅಪ್ಪಟ ಹತ್ತಿಯದೇ ಆಗಿರಬೇಕೆಂಬ ಅಮೂಲ್ಯ ವಾಕ್ಯವನ್ನು ತಾವು ಕೊನೆಯ ಪುಟದಲ್ಲಿ, ಮುದ್ರಕರ ವಿಳಾಸದ ಕೆಳಗೆ, ಇರುವೆಗೂ ಕನ್ನಡಕ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ ಜೋಪಾನ ಮಾಡಿದ್ದೀರಿ! ಅಣ್ಣ ಇದನ್ನೆಲ್ಲ ಕಿವಿಗೇ ಹಾಕಿಕೊಳ್ಳಲಿಲ್ಲ. ನಾಳೆ ಬೆಳಿಗ್ಗೆ ಟ್ರ್ಯಾಕ್ಟರ್ ಬರುತ್ತದೆ. ಎರಡು ವರ್ಷ ಕಾದು ಬರಮಾಡಿಕೊಂಡ ಎರೆಹುಳುಗಳನ್ನು ನೆನೆದರೆ ನನಗೆ ಊಟ ಸೇರುತ್ತಿಲ್ಲ.

ಆದಕಾರಣ ತಾವು ದಯಮಾಡಿ ಇಂದೇ ಹೊರಟುಬಂದು ಟ್ರ್ಯಾಕ್ಟರಿಗೆ ಅಡ್ಡ ಮಲಗಬೇಕೆಂದೂ, ಅದು ಅನುಕೂಲವಾಗದಿದ್ದರೆ ನನ್ನ ಎರೆಹುಳುಗಳಿಗೆ ಪ್ಲಾಸ್ಟಿಕ್ ತಿನ್ನುವ ತುರ್ತು ತರಬೇತಿಯನ್ನು ಸಂಜೆಯೊಳಗೆ ಪ್ರಮಾಣಪತ್ರ ಸಹಿತ ಮುಗಿಸಿಕೊಡಬೇಕೆಂದೂ ಬೇಡುತ್ತೇನೆ.

ತಮ್ಮ ವಿಶ್ವಾಸಿ,
ಉಳುಮೆ ಬಿಟ್ಟ ರೈತ

ವಿ.ಸೂ.: ಇದನ್ನು ಅಂಚೆಗೆ ಹಾಕುವಷ್ಟರಲ್ಲಿ ಟ್ರ್ಯಾಕ್ಟರ್ ಬದುವಿನವರೆಗೆ ಬಂದೇಬಿಟ್ಟಿತ್ತು. ಅತ್ತಿಗೆ ಗುದ್ದಲಿ ಹಿಡಿದು ಬಂದು, ನನ್ನ ಗುಂಡಿಯಿಂದ ನಾಲ್ಕು ಹೆಜ್ಜೆ ಆಚೆ ಅಗೆದು, ಒಂದು ಹೊಲಿಗೆಯ ಪಟ್ಟಿಯನ್ನಷ್ಟೇ ಎತ್ತಿ ಹಿಡಿದರು. ಅಣ್ಣ ಎರಡು ತಿಂಗಳಿಂದ ಮನೆಯೆಲ್ಲ ತಡಕಾಡುತ್ತಿದ್ದ, ಹನ್ನೊಂದು ತೂತಿನ, ಅವನ ಪ್ರಾಣದಂಥ ಹತ್ತಿ ಬನಿಯನ್ನಿನ ಅವಶೇಷ ಅದು. "ಕೊನೇ ಪುಟ ನಾನು ಓದಿದ್ದೆ. ನಾನು ಇದನ್ನ ಹೂತು ಇವತ್ತಿಗೆ ಅರವತ್ತು ದಿನ" ಎಂದರು. ಟ್ರ್ಯಾಕ್ಟರ್ ಹಿಂದಕ್ಕೆ ಹೋಯಿತು. ನನಗೆ ಅಳುವೇ ಬಂತು. ಮುಂದಿನ ಕೈಪಿಡಿಯನ್ನು ಅತ್ತಿಗೆಯ ಹೆಸರಿಗೇ ಕಳಿಸಿ. ಬರೆದ ತಾವೂ ಈ ಕೈಪಿಡಿಯನ್ನು ಅಷ್ಟು ಪೂರ್ತಿಯಾಗಿ ಓದಿರಲಾರಿರಿ. ಆದರೆ ಎಂಟನೆಯ ಪಾಠಕ್ಕೆ ಮಾತ್ರ ಯಾವ ಬಟ್ಟೆಯನ್ನೂ ಕೇಳಬೇಡಿ, ಅಣ್ಣ ಉಳಿದದ್ದನ್ನೆಲ್ಲ ಪೆಟ್ಟಿಗೆಗೆ ತುಂಬಿ ಬೀಗ ಹಾಕಿಕೊಂಡು ಅದರ ಮೇಲೇ ಕುಳಿತಿದ್ದಾನೆ.